ಕಡಲಿಗಿಳಿಯುವ ಮುನ್ನ

ಮುಂಬಯಿಯಲ್ಲಿರುವ ನಮಗೆ ಸಮುದ್ರವೇನೂ ಹೊಸದಲ್ಲ. ಊರಿನಿಂದ ನೆಂಟರು ಬಂದರೆ ಮೊದಲು ತೋರಿಸುವುದು ಅದನ್ನೇ. ಚರ್ಚ್‌ಗೇಟಿನಲ್ಲಿ ಗಾಡಿಯಿಂದಿಳಿದು ಐದು ನಿಮಿಷ ನಡೆದರೆ ಸಾಕು. ಕಟ್ಟೆಯ ಮೇಲೆ ಕುಳಿತು ಶೇಂಗಾ ತಿನ್ನುತ್ತ, "ನೋಡಿ, ಇದೇ ಅರಬ್ಬೀ ಸಮುದ್ರ" ಎಂದು ನಮ್ಮ ಪಿತ್ರಾರ್ಜಿತ ಆಸ್ತಿಯೋ ಎಂಬಂತೆ ಕೈ ಬೀಸಿ ತೋರಿಸುತ್ತೇವೆ. ಭಾದ್ರಪದದಲ್ಲಿ ಗಣಪತಿಯನ್ನು ಬೀಳ್ಕೊಡುವುದಕ್ಕೂ ಅದೇ ಸಮುದ್ರ ಬೇಕು. ಇಷ್ಟಾದರೂ ನಮ್ಮ ಮಕ್ಕಳಲ್ಲಿ ಮೊಣಕಾಲಿನಿಂದ ಮೇಲಕ್ಕೆ ಉಪ್ಪುನೀರು ಹತ್ತಿಸಿಕೊಂಡವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಹುಟ್ಟಿದಂದಿನಿಂದ ಸಮುದ್ರದ ಮಗ್ಗುಲಲ್ಲೇ ಬೆಳೆದು, ಅದರ ಪರಿಚಯವೇ ಇಲ್ಲದೆ ಉಳಿದ ಮಕ್ಕಳು ಇವರು.

ಆದ್ದರಿಂದ ೨೦೨೪ರ ಸಪ್ಟಂಬರಿನಲ್ಲಿ, ಗಣಪತಿ ಹಬ್ಬ ಮುಗಿದ ಮೇಲೆ ಸೇರಿದ ಪಾಲಕರ ಸಭೆಯಲ್ಲಿ, ನಮ್ಮ ಶಾಲೆಯ ಮುಖ್ಯಾಧ್ಯಾಪಕಿಯವರು, "ಈ ವರುಷದ ಪ್ರವಾಸ ಮೂಲ್ಕಿಗೆ. ಮಕ್ಕಳು ಅಲ್ಲಿ ಸಮುದ್ರದ ತೆರೆಗಳ ಮೇಲೆ ಕಯಾಕ್ ನಡೆಸುವುದನ್ನು ಕಲಿಯುವರು. ಎರಡು ರಾತ್ರಿ ಡೇರೆಯಲ್ಲಿ ವಾಸ" ಎಂದು ಪ್ರಕಟಿಸಿದಾಗ ಸಭೆ ಸ್ತಬ್ಧವಾಯಿತು. ಇದುವರೆಗೆ ಬಾದಾಮಿ, ಹಂಪೆ, ಜೋಗ ಎಂದು ಸುತ್ತಿದ ಶಾಲೆ ನಮ್ಮದು. ಶಿಲ್ಪವನ್ನು ನೋಡಿ ಬರಬಹುದು, ಜಲಪಾತವನ್ನು ದೂರದಿಂದ ನೋಡಿ ಕೈ ಮುಗಿಯಬಹುದು. ಸಮುದ್ರದೊಳಗೆ ಮಕ್ಕಳನ್ನು ಇಳಿಸುವುದೆಂದರೇನು?

ಕಯಾಕ್ ಎಂದರೆ ಏನೆಂದು ಅಂದು ನಮಗೂ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಉತ್ತರ ಧ್ರುವದ ಕಡೆಯ ಹಿಮಪ್ರದೇಶದ ಜನರು ಸೀಲ್ ಎಂಬ ಪ್ರಾಣಿಯ ಚರ್ಮವನ್ನು ಹಂದರದ ಮೇಲೆ ಹೊದಿಸಿ, ಬೇಟೆಗಾಗಿ ಮಾಡಿಕೊಂಡ ಕಿರಿದಾದ ದೋಣಿ ಅದು. ಒಬ್ಬನೇ ಕುಳಿತು, ಎರಡೂ ತುದಿಗೆ ಅಲಗುಳ್ಳ ಒಂದೇ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ನಡೆಸುತ್ತಾನೆ. ಈಗ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಕಲಿಯುವವರಿಗೆ ಕೊಡುವ ಬಗೆಯಲ್ಲಿ ಒಳಗೆ ಕಾಲು ತೂರಿಸುವ ಗೂಡಿಲ್ಲ; ಮಣೆಯ ಮೇಲೆ ಕುಳಿತಂತೆ ಮೇಲೆಯೇ ಕೂಡುವುದು. ತಳದಲ್ಲಿ ತೂತುಗಳಿದ್ದು ಒಳಗೆ ಬಂದ ನೀರು ತಾನೇ ಹರಿದುಹೋಗುತ್ತದೆ. ತೂತಿದ್ದ ದೋಣಿ ಮುಳುಗುತ್ತದೆಂದು ಕೇಳಿ ಬೆಳೆದ ನಮಗೆ ಇದೇ ಮೊದಲ ಅಚ್ಚರಿ. ಇಂಥ ದೋಣಿಯಲ್ಲಿ ದಡಕ್ಕೆ ಬರುವ ತೆರೆಯ ಬೆನ್ನೇರಿ ಅದರ ವೇಗದಲ್ಲೇ ದಡ ಸೇರುವುದು ಸರ್ಫ್ ಕಯಾಕ್ ಎಂಬ ಆಟ.

ಮೂಲ್ಕಿಯನ್ನು ಆರಿಸಿದ್ದಕ್ಕೂ ಕಾರಣವಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದಿಂದ ಬಂದ ಜಾಕ್ ಹೆಬ್ನರ್ ಎಂಬ ಸಂನ್ಯಾಸಿಗಳು ಮೂಲ್ಕಿಯ ಆಶ್ರಮದಲ್ಲಿ ನೆಲೆಸಿ, ಅಲೆಯ ಮೇಲೆ ಹಲಗೆ ಓಡಿಸುವ ಆಟವನ್ನು ಅಲ್ಲಿಯ ಹುಡುಗರಿಗೆ ಕಲಿಸಿದರು. ೨೦೧೬ರಲ್ಲಿ ಹತ್ತಿರದ ಸಸಿಹಿತ್ಲಿನಲ್ಲಿ ಆ ಆಟದ ರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಅಲ್ಲಿ ಕಲಿತ ಹುಡುಗರು ಈಗ ಶಿಕ್ಷಕರಾಗಿದ್ದಾರೆ. ಶಾಂಭವಿ ನದಿ ಶಾಂತವಾಗಿ ಹರಿಯುವುದರಿಂದ ಮೊದಲ ಪಾಠಕ್ಕೆ ಹೊಳೆ, ಆಮೇಲಿನ ಪಾಠಕ್ಕೆ ಕಡಲು, ಎರಡೂ ಒಂದೇ ಊರಿನಲ್ಲಿ ಸಿಗುತ್ತವೆ. ಮೇಲಾಗಿ ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳ ಅಜ್ಜಂದಿರು ಆ ಸೀಮೆಯಿಂದಲೇ ಮುಂಬಯಿಗೆ ಬಂದವರು. ಉಳಿದರ್ಧ ನಾವು, ಘಟ್ಟದ ಮೇಲಿನವರು. ಧಾರವಾಡ, ವಿಜಾಪುರದ ಕಡೆಯವರು. ನಮಗೆ ನೀರೆಂದರೆ ಬಾವಿ, ಕೆರೆ, ಅದೂ ಮಳೆಯಾದ ವರುಷ.

ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ. ಸಿದ್ಧತೆಯ ಭಾರ ಹೊರುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನಮ್ಮ ಕಡೆ ತಿರುಗಿದರು. ಸರಕಾರಿ ಕಚೇರಿಯ ಕಾರಕೂನರೆಂದ ಮೇಲೆ ಪಟ್ಟಿ ಮಾಡುವುದು, ರುಜು ಹಾಕಿಸುವುದು, ಕಡತ ಕಟ್ಟುವುದು ನಮಗೆ ಬರುತ್ತದೆಂಬ ನಂಬಿಕೆ ಜನರಿಗೆ. ನಮ್ಮ ಮಗನೂ ಎಂಟನೆಯ ವರ್ಗದಲ್ಲಿದ್ದು ಹೋಗುವ ಹದಿನೆಂಟು ಮಕ್ಕಳಲ್ಲಿ ಒಬ್ಬನಾಗಿದ್ದ. ನಮಗೆ ಈಜು ಬಾರದೆಂಬ ಸಂಗತಿಯನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೊದಲ ಕೆಲಸ ಕಾಗದದ್ದು. ಮಗುವಿಗೆ ಉಬ್ಬಸವಿದೆಯೆ, ಮೂರ್ಛೆಯಿದೆಯೆ, ಕಿವಿಯ ತೊಂದರೆಯಿದೆಯೆ, ಯಾವ ಔಷಧಿ ಒಗ್ಗದು, ಇವನ್ನೆಲ್ಲ ಕೇಳುವ ಒಂದು ಫಾರಂ ತಯಾರಿಸಿ ಹಂಚಿದೆವು. ಹದಿನೆಂಟೂ ತಿರುಗಿ ಬಂದವು. ಹದಿನೆಂಟರಲ್ಲೂ ಒಂದೇ ಉತ್ತರ, "ಏನೂ ಇಲ್ಲ". ಇಷ್ಟು ಆರೋಗ್ಯವಂತ ಮಕ್ಕಳು ಒಂದೇ ಶಾಲೆಯಲ್ಲಿ ಕೂಡಿದ್ದು ನೋಡಿ ಮೊದಲು ಹಿಗ್ಗಿದೆವು, ಆಮೇಲೆ ಸಂಶಯಪಟ್ಟೆವು. ಶಾಲೆಯ ಗೇಟಿನಲ್ಲಿ ಒಬ್ಬ ತಾಯಿ ನಮ್ಮನ್ನು ಬದಿಗೆ ಕರೆದು, ಮಗಳಿಗೆ ಚಳಿಯಲ್ಲಿ ಉಸಿರು ಕಟ್ಟುತ್ತದೆ, ಬರೆದರೆ ಬಿಟ್ಟುಹೋಗುತ್ತೀರೆಂದು ಬರೆಯಲಿಲ್ಲ ಎಂದರು. ಫಾರಂಗಳನ್ನು ಹಿಂದೆ ಕಳಿಸಿದೆವು. ಈ ಸಲ ಪ್ರತಿಯೊಂದರ ಜೊತೆಗೆ ಒಂದು ಲಕೋಟೆ. "ಒಳಗಿರುವುದನ್ನು ಓದುವವರು ಇಬ್ಬರೇ. ಬರೆದ ಕಾರಣಕ್ಕೆ ಯಾವ ಮಗುವನ್ನೂ ಬಿಡುವುದಿಲ್ಲ, ಬರೆಯದಿದ್ದರೆ ಸಮಯಕ್ಕೆ ಏನು ಮಾಡಬೇಕೆಂದು ನಮಗೆ ತಿಳಿಯುವುದಿಲ್ಲ" ಎಂದು ಮೇಲೆ ಬರೆಸಿದೆವು. ಆಗ ಬಂದವು ನಿಜವಾದ ಉತ್ತರಗಳು: ಉಬ್ಬಸ ಇಬ್ಬರಿಗೆ, ಕಿವಿ ಸೋರುವುದು ಒಬ್ಬನಿಗೆ, ಕತ್ತಲೆಯ ಅಂಜಿಕೆ ಮೂವರಿಗೆ, ರಾತ್ರಿ ಹಾಸಿಗೆ ಒದ್ದೆಯಾಗುವ ಸಂಕೋಚ ಒಬ್ಬನಿಗೆ. ಇಪ್ಪತ್ತು ವರುಷ ಕಚೇರಿಯಲ್ಲಿ ಕಳೆಯದಿದ್ದರೂ, ಫಾರಂ ತುಂಬಿಸುವುದು ಬೇರೆ, ವಿಷಯ ತಿಳಿಯುವುದು ಬೇರೆ ಎಂಬುದನ್ನು ಅಂದು ಕಲಿತೆವು.

ಎರಡನೆಯದು ಈಜು. ರವಿವಾರ ಬೆಳಿಗ್ಗೆ ಬಾಡಿಗೆಗೆ ಹಿಡಿದ ಈಜುಕೊಳಕ್ಕೆ ಮಕ್ಕಳನ್ನು ಕರೆದೊಯ್ದಾಗ ಹದಿನೆಂಟರಲ್ಲಿ ಐವರಿಗೆ ಮಾತ್ರ ಈಜು ಗೊತ್ತಿತ್ತು. ಕಲಿಸುವ ಗುರುಗಳು, "ಈಜು ಆಮೇಲೆ; ಮೊದಲು ತೇಲುವುದು" ಎಂದರು. ಅಂಗಾತ ಮಲಗಿ, ಕಿವಿ ನೀರಿನಲ್ಲಿ ಮುಳುಗಿಸಿ, ಹೊಟ್ಟೆಯನ್ನು ಮೇಲಕ್ಕೆತ್ತಿ, ನಿಧಾನವಾಗಿ ಉಸಿರಾಡುತ್ತ ಐದು ನಿಮಿಷ ಇರಬೇಕು. ನೀರಿನಲ್ಲಿ ಪ್ರಾಣ ಹೋಗುವುದು ಎಷ್ಟೋ ಸಲ ಈಜು ಬಾರದ್ದಕ್ಕಲ್ಲ, ಗಾಬರಿಯಿಂದ ಕೈಕಾಲು ಬಡಿದು ದಣಿದದ್ದಕ್ಕೆ ಎಂದು ಅವರು ವಿವರಿಸಿದರು. ಕೇಳುತ್ತ ದಂಡೆಯ ಮೇಲೆ ನಿಂತಿದ್ದ ನಮ್ಮನ್ನು ನೋಡಿ, "ಸಾಹೇಬರೂ ಇಳಿಯಬೇಕು" ಎಂದುಬಿಟ್ಟರು. ಮೂವತ್ತೆಂಟರ ವಯಸ್ಸಿನಲ್ಲಿ, ಸ್ವಂತ ಮಗನ ಎದುರಿಗೆ, ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಡುಗಿದ ವೃತ್ತಾಂತವನ್ನು ವಿಸ್ತರಿಸುವುದಿಲ್ಲ. ಮಕ್ಕಳು ಮೂರು ವಾರದಲ್ಲಿ ಕಲಿತದ್ದಕ್ಕೆ ನಮಗೆ ಒಂಬತ್ತು ವಾರ ಹಿಡಿಯಿತು ಎಂದರೆ ಸಾಕು.

ಜೀವರಕ್ಷಕ ಅಂಗಿಯದೂ ಒಂದು ಪಾಠ. ಅದನ್ನು ತೊಟ್ಟ ಮೇಲೆ ಯಾರಾದರೂ ಹಿಂದಿನಿಂದ ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆತ್ತಬೇಕು. ಅಂಗಿ ಗದ್ದದಿಂದ ಮೇಲೆ ಏರಿ ಬಂದರೆ ಅದು ಆ ಮಗುವಿನ ಅಳತೆಯದಲ್ಲ. ಗುಂಡಿ ಹಾಕದ ಅಂಗಿ ನೀರಿನಲ್ಲಿ ಮೊದಲು ತಾನು ಪಾರಾಗುತ್ತದೆ, ತೊಟ್ಟವನನ್ನು ಬಿಟ್ಟು!

ಮೂರನೆಯ ಪಾಠವೇ ನಮಗೆ ವಿಚಿತ್ರವೆನಿಸಿದ್ದು. ಗುರುಗಳು ತಮ್ಮ ಸ್ನೇಹಿತರಿಂದ ಹಳೆಯ ಕಯಾಕೊಂದನ್ನು ತರಿಸಿ ಕೊಳದಲ್ಲಿ ಬಿಟ್ಟರು. ಅದನ್ನು ನಡೆಸುವುದನ್ನು ಕಲಿಸುತ್ತಾರೆಂದು ಮಕ್ಕಳು ಸಾಲುಗಟ್ಟಿದರೆ, ಅವರು ಕಲಿಸಿದ್ದು ಅದನ್ನು ಮಗುಚುವುದನ್ನು. ಕೂಡಬೇಕು, ಬೇಕೆಂದೇ ಒಂದು ಕಡೆಗೆ ವಾಲಿ ನೀರಿಗೆ ಬೀಳಬೇಕು, ಮೇಲೆ ಬಂದ ಕೂಡಲೆ ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ದೋಣಿ ಹಿಡಿಯಬೇಕು. ಆಮೇಲೆ ದೋಣಿಯನ್ನು ನೆಟ್ಟಗೆ ಮಾಡಿ, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಅಡ್ಡಲಾಗಿ ಏರಿ, ಹೊರಳಿ ಕೂಡಬೇಕು. ನಮ್ಮ ಮಗ ಹನ್ನೊಂದು ಸಲ ಬಿದ್ದ. ಹನ್ನೆರಡನೆಯ ಸಲ ಬೀಳುವಾಗ ಅವನ ಮುಖದಲ್ಲಿ ಅಂಜಿಕೆಯಿರಲಿಲ್ಲ. ಬೀಳುವುದನ್ನು ಮೊದಲೇ ಕಲಿತವನಿಗೆ ಬೀಳುವ ಭಯ ಅರ್ಧ ಇಳಿಯುತ್ತದೆ. ನಾವು ಮಕ್ಕಳಿಗೆ ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಈ ಪಾಠವನ್ನು ಹೇಳಿಕೊಡುವುದೇ ಇಲ್ಲವಲ್ಲ ಎಂದುಕೊಂಡೆವು.

ನಾಲ್ಕನೆಯದು ವರ್ಗದಲ್ಲಿ ನಡೆದ ಪಾಠ. ಭೂಗೋಲದ ಮಾಸ್ತರರು ಭರತ ಇಳಿತಗಳ ವೇಳಾಪಟ್ಟಿಯನ್ನು ಹಲಗೆಯ ಮೇಲೆ ಬರೆದರು. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ ಹುಣ್ಣಿವೆಗಳ ಸುಮಾರಿಗೆ ನೀರಿನ ಏರಿಳಿತ ಹೆಚ್ಚು. ಮುಂಬಯಿಯಲ್ಲಿ ದೊಡ್ಡ ಭರತದ ದಿನ ನೀರು ನಾಲ್ಕೂವರೆ ಮೀಟರನ್ನೂ ಮೀರಿ ಏರುತ್ತದೆ. ಮಂಗಳೂರಿನ ಕಡೆ ಏರಿಳಿತ ಒಂದೂವರೆ ಮೀಟರಿನ ಆಸುಪಾಸು. ಒಂದೇ ಸಮುದ್ರ, ನಡತೆ ಮಾತ್ರ ಊರಿಗೊಂದು ಬಗೆ!

ಅದೇ ವರ್ಗದಲ್ಲಿ ಕಳ್ಳಸೆಳವಿನ ಮಾತೂ ಬಂತು. ದಡಕ್ಕೆ ಬಡಿದ ನೀರು ತಿರುಗಿ ಹೋಗಬೇಕಷ್ಟೆ. ಅದು ಕೆಲವು ಕಡೆ ಒಂದು ಇಕ್ಕಟ್ಟಾದ ಓಣಿ ಮಾಡಿಕೊಂಡು ರಭಸದಿಂದ ಒಳಕ್ಕೆ ಓಡುತ್ತದೆ. ಎರಡೂ ಬದಿಗೆ ತೆರೆ ಒಡೆದು ನೊರೆಯಾಡುತ್ತಿರುವಾಗ ನಡುವೆ ಕಪ್ಪಗೆ, ನುಣ್ಣಗೆ, ಶಾಂತವಾಗಿ ಕಾಣುವ ಪಟ್ಟಿಯೇ ಅದು. ಅರಿಯದವರು 'ಇಲ್ಲಿ ತೆರೆಯಿಲ್ಲ, ಇಳಿಯೋಣ' ಎಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ಸೆಳವಿಗೆ ಎದುರಾಗಿ ದಡದ ಕಡೆ ಈಜಬಾರದು. ತೇಲಬೇಕು, ಕೈಯೆತ್ತಿ ಕರೆಯಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾಂತರವಾಗಿ ಈಜಿ ಓಣಿಯಿಂದ ಹೊರಬೀಳಬೇಕು. ನೋಡಿದವರು ತಾವೂ ಧುಮುಕಬಾರದು. ಹಗ್ಗ ಎಸೆಯಬೇಕು, ಬಿದಿರು ಚಾಚಬೇಕು, ಮುಚ್ಚಳ ಬಿಗಿದ ಖಾಲಿ ಎಣ್ಣೆಯ ಡಬ್ಬಿಯನ್ನಾದರೂ ಎಸೆಯಬೇಕು. ಹೀಗೆ ನವಂಬರ ಕಳೆಯಿತು. ಡಿಸೆಂಬರದ ನಾತಾಳ ರಜೆಗೆ ಟಿಕೀಟುಗಳೂ ಆದವು.

ಅಷ್ಟರಲ್ಲಿ ೨೦೨೪ರ ಡಿಸೆಂಬರ ೧೦ರಂದು ಮುರ್ಡೇಶ್ವರದ ಸುದ್ದಿ ಬಂದಿತು. ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅದೇ ವರುಷದ ಜನವರಿ ೧೮ರಂದು ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ ೧೨ ಶಾಲೆಯ ಮಕ್ಕಳೂ ೨ ಶಿಕ್ಷಕಿಯರೂ ತೀರಿಕೊಂಡ ನೆನಪು ಇನ್ನೂ ಹಸಿಯಾಗಿತ್ತು. ಅಂದು ರಾತ್ರಿ ನಮ್ಮ ಮನೆಯಲ್ಲಿ ಊಟ ಯಾರಿಗೂ ಸೇರಲಿಲ್ಲ. ಮಗ ಮಲಗಿದ ಮೇಲೆ ಮನೆಯವರು ಮೆಲ್ಲಗೆ ಕೇಳಿದರು: "ಆ ತಾಯಂದಿರ ಮನೆಯಲ್ಲೂ ಹೀಗೆಯೇ ಫಾರಂ ತುಂಬಿ ಕಳಿಸಿರಬೇಕಲ್ಲವೆ?" ನಮ್ಮಲ್ಲಿ ಉತ್ತರವಿರಲಿಲ್ಲ. ಹೆಸರು, ತಾರೀಖು, ರುಜು ಎಲ್ಲ ಸರಿಯಾಗಿದ್ದ ನಮ್ಮ ಕಡತ ಕಪಾಟಿನ ಮೇಲೆ ಕೂತಿತ್ತು.

ಮರುದಿನವೇ ಏಳು ಮಕ್ಕಳ ಹೆಸರು ಹಿಂದೆ ಬಂದವು. ರವಿವಾರ ಸಭೆ ಕರೆದೆವು. ಪ್ರವಾಸ ರದ್ದಾಗಲೆಂದು ಕೆಲವರು, ಸಮುದ್ರ ಬಿಟ್ಟು ಹಂಪೆಗೇ ಹೋಗಲೆಂದು ಕೆಲವರು. ಒಂಬತ್ತನೆಯ ವರ್ಗದ ಹುಡುಗಿಯೊಬ್ಬಳ ಅಜ್ಜಿ ಮೂಲೆಯಲ್ಲಿ ಕುಳಿತಿದ್ದರು. ಅವರು ಮೂಲ್ಕಿಯ ಕಡೆಯ ಮೊಗವೀರರ ಮನೆತನದವರು. ಮದುವೆಯಾಗಿ ಹದಿನೈದು ವರುಷ ಕಡಲಕರೆಯಲ್ಲಿ ಬಾಳಿ, ಆಮೇಲೆ ಮಗನ ಜೊತೆ ಮುಂಬಯಿಗೆ ಬಂದವರು. ಎದ್ದು ನಿಂತು ತುಳುವಿನಲ್ಲೇ ಮಾತಾಡಿದರು. ಘಟ್ಟದವರಾದ ನಮಗೆ ತಿಳಿದದ್ದು ಅರ್ಧ. ಉಳಿದದ್ದನ್ನು ಮೊಮ್ಮಗಳು ಕನ್ನಡದಲ್ಲಿ ಹೇಳಿದಳು.

ಅವರು ಹೇಳಿದ್ದಿಷ್ಟು: "ನಮ್ಮ ಮನೆಯ ಗಂಡಸರು ದೋಣಿ ನೂಕುವುದಕ್ಕೆ ಮುಂಚೆ ಮರಳಿನ ಮೇಲೆ ಕೂತು ಕಡಲನ್ನು ನೋಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ, ಬರೀ ನೋಡುವುದು. ಬಹಳ ಹೊತ್ತು. ಕೆಲವು ದಿನ ನೋಡಿ, ಎದ್ದು, ಬಲೆ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದುಬಿಡುತ್ತಿದ್ದರು. ಬರಿಗೈಯಲ್ಲಿ ಬಂದ ದಿನ ನಮ್ಮ ಅತ್ತೆ ಯಾರನ್ನೂ ಬೈಯುತ್ತಿರಲಿಲ್ಲ. ಅಂದು ಮೀನಿಲ್ಲದಿದ್ದರೂ ಮೊದಲು ಅನ್ನ ಬಡಿಸುತ್ತಿದ್ದದ್ದು ಅವರಿಗೇ. ನೀವು ಮಕ್ಕಳನ್ನು ಕಳಿಸಿ, ಬಿಡಿ. ಆದರೆ ಬರಿಗೈಯಲ್ಲಿ ಬಂದರೆ ಬೈಯುವವರು ಕಳಿಸಬೇಡಿ."

ಸಭೆಯಲ್ಲಿ ಆ ಮೇಲೆ ಹೆಚ್ಚು ಮಾತಾಗಲಿಲ್ಲ. ಪ್ರವಾಸವನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ಇನ್ನೂ ನಾಲ್ಕು ರವಿವಾರ ಕೊಳದಲ್ಲಿ ಕಲಿಸುವುದೆಂದು ನಿಶ್ಚಯವಾಯಿತು. ಮೂರು ನಿಯಮಗಳನ್ನು ಗೊತ್ತುಮಾಡಿದೆವು. ನೀರಿಗೆ ಇಳಿಯುವ ಮುನ್ನ ಅರ್ಧ ಗಂಟೆ ಎಲ್ಲರೂ ದಡದಲ್ಲಿ ನಿಂತು ಕಡಲನ್ನು ನೋಡತಕ್ಕದ್ದು. ದೊಡ್ಡವರಿರಲಿ ಮಕ್ಕಳಿರಲಿ, ಒಬ್ಬರು "ಬೇಡ" ಎಂದರೂ ಆಟ ನಿಲ್ಲಿಸತಕ್ಕದ್ದು. ಅವರನ್ನು ಅಪಹಾಸ್ಯ ಮಾಡಬಾರದು. ಹಣ ಕೊಟ್ಟಿದ್ದೇವೆಂಬ ಕಾರಣಕ್ಕೆ ಶಿಕ್ಷಕರನ್ನು ಒತ್ತಾಯಿಸಬಾರದು. ಹಿಂದಕ್ಕೆ ಹೋಗಿದ್ದ ಏಳು ಹೆಸರುಗಳಲ್ಲಿ ಐದು ತಿರುಗಿ ಬಂದವು. ಉಳಿದ ಇಬ್ಬರ ತಾಯಿತಂದೆಯರನ್ನು ನಾವು ಮತ್ತೆ ಕೇಳಲಿಲ್ಲ. ಅವರ 'ಬೇಡ'ಕ್ಕೂ ನಮ್ಮ ನಿಯಮ ಅನ್ವಯಿಸಬೇಕಷ್ಟೆ.

ಹೊರಡುವ ಹಿಂದಿನ ದಿನ ಸಾಮಾನು ಕಟ್ಟುವ ಸಂಭ್ರಮ. ಒಬ್ಬೊಬ್ಬರಿಗೆ ಒಂದೇ ಚೀಲ ಎಂದು ನಿಯಮ ಮಾಡಿದರೆ ತಾಯಂದಿರು ಚೀಲದೊಳಗೆ ಚೀಲವಿಟ್ಟು ನಿಯಮವನ್ನು ಪಾಲಿಸಿದರು. ಬೇಗ ಒಣಗುವ ಎರಡು ಜೊತೆ ಬಟ್ಟೆ, ಟೋಪಿ, ಹಿಂದೆ ಪಟ್ಟಿಯಿರುವ ಚಪ್ಪಲಿ, ಬ್ಯಾಟರಿ ದೀಪ, ನೀರಿನ ಶೀಶೆ, ಕೊರಳಿಗೊಂದು ಸೀಟಿ, ಇಷ್ಟೇ ಬೇಕಾದದ್ದು. ಒದ್ದೆಯಾಗಬಾರದ್ದನ್ನೆಲ್ಲ ಇಡುವುದಕ್ಕೆ ಬಾಯಿ ಸುರುಳಿ ಸುತ್ತುವ ರಬ್ಬರಿನ ಚೀಲಗಳು. ಔಷಧಿ ಪೆಟ್ಟಿಗೆಯಲ್ಲಿ ಅಂಟುಪಟ್ಟಿ, ಉಬ್ಬಸದ ಪಂಪು, ಸಕ್ಕರೆ, ಉಪ್ಪು. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಎಂಬ ಲೆಕ್ಕವನ್ನು ಮುಚ್ಚಳದ ಮೇಲೆ ಬರೆದು ಅಂಟಿಸಿದೆವು. ನಮ್ಮ ಮನೆಯಿಂದ ಖಡಕ್ ರೊಟ್ಟಿ ಐವತ್ತು, ಶೇಂಗಾ ಚಟ್ನಿ ಎರಡು ಡಬ್ಬಿ. ಕಡಲಕರೆಯ ಮಕ್ಕಳು ಆ ರೊಟ್ಟಿಯನ್ನು ಮೊದಲು ಹಪ್ಪಳವೆಂದು ತಿಳಿದರಂತೆ!

ಗುರುವಾರ, ೨೦೨೫ರ ಜನವರಿ ೨೩ರಂದು ಮಧ್ಯಾಹ್ನ ಕುರ್ಲಾದ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಗಾಡಿಯಲ್ಲಿ ಹೊರಟೆವು; ಮಕ್ಕಳು ಹದಿನಾರು, ದೊಡ್ಡವರು ನಾಲ್ವರು. ಮತ್ಸ್ಯಗಂಧಿ ಯಮುನೆಯಲ್ಲಿ ದೋಣಿ ನಡೆಸುತ್ತಿದ್ದವಳೆಂದು ಭಾರತದ ಕತೆ ಹೇಳಿದಾಗ, "ಅವಳಿಗೆ ಲೈಫ್ ಜಾಕೆಟ್ ಇತ್ತೇ?" ಎಂದು ಒಬ್ಬ ಹುಡುಗ ಕೇಳಿದ. ಕೊಂಕಣ ರೈಲ್ವೆ ೧೯೯೮ರ ಜನವರಿ ೨೬ರಂದು ಪೂರ್ತಿಯಾಗಿ ತೆರೆಯುವ ಮುಂಚೆ ಇವರ ಅಜ್ಜಂದಿರು ಊರಿಗೆ ಹೋಗುವುದೆಂದರೆ ಘಟ್ಟ ಸುತ್ತುವ ಬಸ್ಸಿನ ಪ್ರಯಾಣ. ಈಗ ರತ್ನಾಗಿರಿಯ ಹತ್ತಿರದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರು. ಮಕ್ಕಳು ಉಸಿರು ಬಿಗಿಹಿಡಿದು ದಾಟುವ ಪಂತ ಕಟ್ಟಿ ಎಲ್ಲರೂ ಸೋತರು. ಶರಾವತಿಯನ್ನು ಕತ್ತಲೆಯಲ್ಲಿ ದಾಟಿ, ಬೆಳಕು ಹರಿದ ಮೇಲೆ ಮೂಲ್ಕಿಯಲ್ಲಿ ಇಳಿದೆವು.

ಮೊದಲು ಶಾಂಭವಿಯ ದಡದ ಬಪ್ಪನಾಡಿನ ದುರ್ಗಾಪರಮೇಶ್ವರಿಯ ದರ್ಶನ. ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕನ ದೋಣಿ ಈ ಹೊಳೆಯಲ್ಲಿ ಮುಂದೆ ಹೋಗದೆ ನಿಂತುಬಿಟ್ಟಿತೆಂದೂ, ಅವನೇ ಈ ದೇವಿಗೆ ಗುಡಿ ಕಟ್ಟಿಸಿದನೆಂದೂ ಐತಿಹ್ಯ. ಅವನ ಮನೆತನದವರಿಗೆ ಜಾತ್ರೆಯಲ್ಲಿ ಇಂದಿಗೂ ಪ್ರಸಾದದ ಗೌರವವಿದೆ. ದೋಣಿ ನಿಂತರೆ ಸಿಟ್ಟಾಗದೆ, ಏಕೆ ನಿಂತಿತು ಎಂದು ಯೋಚಿಸಿದ ಆ ವರ್ತಕ ನಮಗೆ ಆಗಲೇ ಹಿಡಿಸಿದ.

ಆ ದಿನವೆಲ್ಲ ಹೊಳೆಯಲ್ಲಿ ಪಾಠ. ಎರಡೂ ದಡಕ್ಕೆ ತೆಂಗು, ನಡುವೆ ನೀರಿನಲ್ಲೇ ಬೇರೂರಿದ ಕಾಂಡ್ಲಾ ಗಿಡಗಳು, ಮೇಲೆ ಸುತ್ತುವ ಗರುಡ, ಕೊಂಬೆಯಿಂದ ನೀರಿಗೆ ಎರಗುವ ಮಿಂಚುಳ್ಳಿ. ಹುಟ್ಟನ್ನು ತೋಳಿನಿಂದಲ್ಲ, ನಡುವನ್ನು ತಿರುಗಿಸಿ ಎಳೆಯಬೇಕೆಂದು ಶಿಕ್ಷಕರು ತೋರಿಸಿದರು. ನಾವೂ ಒಂದು ದೋಣಿಯಲ್ಲಿ ಕುಳಿತು ಎಡಕ್ಕೆ ಹೊರಟು ಬಲದಂಡೆ ಸೇರಿದೆವು. ಹೊಳೆ ಕಡಲನ್ನು ಕೂಡುವ ಅಳಿವೆಯ ಕಡೆಗೆ ಮಾತ್ರ ಇಳಿತದ ಹೊತ್ತಿನಲ್ಲಿ ಯಾರೂ ತಲೆ ಹಾಕಬಾರದೆಂದು ಕಟ್ಟಪ್ಪಣೆಯಾಯಿತು. ಹೊಳೆಯ ನೀರೂ ಇಳಿತದ ನೀರೂ ಕೂಡಿ ಕಡಲಿಗೆ ಓಡುವಾಗ ಅದರೆದುರು ಯಾರ ತೋಳೂ ಸಾಲದು.

ಸಂಜೆ ಒಂದು ತೋಟದ ಅಂಚಿನಲ್ಲಿ ಡೇರೆ ಹಾಕುವ ಗಡಿಬಿಡಿ. ತೆಂಗಿನ ನೆರಳು ಚೆನ್ನಾಗಿದೆಯೆಂದು ನಾವು ಮರದ ಬುಡಕ್ಕೇ ಗೂಟ ಹೊಡೆಯಹೋದೆವು. ಶಿಕ್ಷಕರು ಮೇಲೆ ತೋರಿಸಿದರು. ಗೊನೆ ಗೊನೆ ಕಾಯಿ. "ತೆಂಗಿನಕಾಯಿಗೆ ಕಣ್ಣಿದೆ, ಯಾರ ತಲೆಯ ಮೇಲೂ ಬೀಳದು ಎನ್ನುತ್ತಾರಲ್ಲ?" ಎಂದೆವು. "ಹೌದು, ಆದರೆ ರಾತ್ರಿ ಅದಕ್ಕೂ ನಿದ್ದೆ ಬರುತ್ತದೆ" ಎಂದು ಅವರು ಉತ್ತರ ಕೊಟ್ಟು, ಭರತದ ಗೆರೆಯಿಂದಲೂ ಮರಗಳಿಂದಲೂ ದೂರ, ಬಯಲಿನಲ್ಲಿ ಜಾಗ ತೋರಿಸಿದರು. ಕುಚ್ಚಲಕ್ಕಿ ಗಂಜಿಗೆ ನಮ್ಮ ಶೇಂಗಾ ಚಟ್ನಿ. ಕರಾವಳಿಗೂ ಬಯಲುಸೀಮೆಗೂ ಅಂದು ಬೀಗತನವಾಯಿತು.

ಚಂದ್ರನಿಲ್ಲದ ರಾತ್ರಿ. ಪಶ್ಚಿಮದಲ್ಲಿ ಕಡಲಿನ ಮೇಲೆ ಶುಕ್ರ ದೀಪದಂತೆ ಉರಿಯುತ್ತಿತ್ತು, ಅದರ ಹತ್ತಿರ ಮಂಕಾಗಿ ಶನಿ, ನೆತ್ತಿಯ ಕಡೆ ರೋಹಿಣಿಯ ಬಳಿ ಗುರು, ಪೂರ್ವದಲ್ಲಿ ಕೆಂಪಗೆ ಮಂಗಳ. ಮುಂಬಯಿಯಲ್ಲಿ ಇವರಿಗೆ ಕಾಣದಿದ್ದ ಆಕಾಶ. ಕತ್ತಲೆಗೆ ಅಂಜುತ್ತೇವೆಂದು ಲಕೋಟೆಯಲ್ಲಿ ಬರೆಸಿದ್ದ ಮೂವರು ಎಲ್ಲರಿಗಿಂತ ಕೊನೆಗೆ ಡೇರೆಯೊಳಗೆ ಹೋದರು. ಹಾಸಿಗೆಯ ಸಂಕೋಚದ ಹುಡುಗನನ್ನು ನಾವು ನಡುರಾತ್ರಿ ಮೆಲ್ಲಗೆ ಎಬ್ಬಿಸಿ ಕರೆದೊಯ್ದು ತಂದೆವು, ಯಾರಿಗೂ ತಿಳಿಯಲಿಲ್ಲ.

ಶನಿವಾರ ಕಡಲಿನ ದಿನ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುವುದರಿಂದ ತೆರೆಗಳು ಒಪ್ಪವಾಗಿರುತ್ತವೆ; ಹೊತ್ತೇರಿದಂತೆ ಗಾಳಿ ತಿರುಗಿ ನೀರು ಕದಡುತ್ತದೆ. ಆದ್ದರಿಂದ ನಸುಕಿನಲ್ಲೇ ಮರಳಿಗೆ ಬಂದೆವು. ನಿಯಮದಂತೆ ಅರ್ಧ ಗಂಟೆ ನೋಡುತ್ತ ನಿಂತೆವು. ಮೊದಲ ಐದು ನಿಮಿಷ ಎಲ್ಲ ತೆರೆಗಳೂ ಒಂದೇ ಬಗೆಯಾಗಿ ಕಂಡವು. ಹತ್ತು ನಿಮಿಷದ ಮೇಲೆ, ಕೆಲವು ಸಣ್ಣವು ಬಂದ ನಂತರ ನಾಲ್ಕೈದು ದೊಡ್ಡವು ಒಟ್ಟಿಗೆ ಬರುತ್ತವೆಂದು ಒಬ್ಬ ಹುಡುಗ ಎಣಿಸಿ ಹೇಳಿದ. ಅಜ್ಜಿಯ ಮಾತಿನ ಅರ್ಥ ಆಗ ನಮಗಾಯಿತು.

ಮೂರು ಮೂರು ದೋಣಿ, ಪ್ರತಿ ದೋಣಿಯ ಬಳಿ ಸೊಂಟದ ಮಟ್ಟದ ನೀರಿನಲ್ಲಿ ಒಬ್ಬ ಶಿಕ್ಷಕರು. ತಲೆಗೆ ಗಟ್ಟಿ ಟೋಪಿ. ಹೊರಕ್ಕೆ ಹೋಗುವಾಗ ದೋಣಿಯ ಮೂತಿ ತೆರೆಗೆ ನೇರವಾಗಿರಬೇಕು. ಬರುವಾಗ ತೆರೆ ಹಿಂದಿನಿಂದ ಎತ್ತ ಹತ್ತಿದೊಡನೆ ಜೋರಾಗಿ ನಾಲ್ಕು ಹುಟ್ಟು, ಆಮೇಲೆ ಹುಟ್ಟನ್ನು ಹಿಂದಕ್ಕೆ ಊರಿ ಚುಕ್ಕಾಣಿಯಂತೆ ಹಿಡಿಯುವುದು. ದೋಣಿ ಅಡ್ಡ ತಿರುಗಿದರೆ ತೆರೆಯ ಕಡೆಗೇ ವಾಲಬೇಕು, ದಡದ ಕಡೆಗೆ ವಾಲಿದರೆ ಮಗುಚುವುದು ಖಂಡಿತ. ಬಿದ್ದರೆ ದೋಣಿಗೂ ದಡಕ್ಕೂ ನಡುವೆ ನಿಲ್ಲಬಾರದು. ಮುಂದಿನ ತೆರೆ ದೋಣಿಯನ್ನು ಎತ್ತಿ ನಮ್ಮ ಮೇಲೆಯೇ ಹಾಕುತ್ತದೆ. ಒಂಬತ್ತು ಮಕ್ಕಳ ಸರದಿ ಆಯಿತು. ಬಿದ್ದರು, ಎದ್ದರು, ಕೂಗಿದರು. ಉಬ್ಬಸದ ಹುಡುಗಿ ಮೂರು ತೆರೆ ಏರಿ ಬಂದು ಮರಳಿನ ಮೇಲೆ ಕುಣಿದಳು.

ಹತ್ತನೆಯವನು ನಮ್ಮ ಮಗ. ಅವನು ಟೋಪಿಯ ಪಟ್ಟಿ ಬಿಗಿಯುತ್ತಿರುವಾಗ ಸೀಟಿ ಕೇಳಿಸಿತು. ದಡದಲ್ಲಿ ಕಾವಲು ನಿಂತಿದ್ದ ಅಜ್ಜಿಯ ಮೊಮ್ಮಗಳು ಕೈಯೆತ್ತಿ ತೋರಿಸುತ್ತಿದ್ದಳು. ನಮ್ಮ ದೋಣಿಗಳ ಬಲಕ್ಕೆ, ಸ್ವಲ್ಪ ಹೊತ್ತಿನ ಹಿಂದೆ ನೊರೆಯಿದ್ದ ಕಡೆ ಈಗ ನುಣುಪಾದ ಕಪ್ಪು ಪಟ್ಟಿ. ಅದರ ಮೇಲೆ ನೊರೆ ಹಿಂದಕ್ಕೆ, ಒಳಕ್ಕೆ ಸರಿಯುತ್ತಿತ್ತು. ಹಿರಿಯ ಶಿಕ್ಷಕರು ಎರಡು ನಿಮಿಷ ನೋಡಿದರು. ನೀರು ಇಳಿಯುತ್ತಿತ್ತು, ಗಾಳಿಯೂ ತಿರುಗಿತ್ತು. "ಇವತ್ತಿಗೆ ಸಾಕು" ಎಂದರು.

ಮಗ ನಮ್ಮ ಮುಖ ನೋಡಿದ. ನಾಲ್ಕು ತಿಂಗಳು ರವಿವಾರದ ನಿದ್ದೆ ಬಿಟ್ಟು ಕಲಿತದ್ದು ಆ ಒಂದು ತೆರೆಗಾಗಿ. "ಅಪ್ಪಾ, ಒಂದೇ ಸಲ, ಎಡಗಡೆಗೆ ಹೋಗುತ್ತೇನೆ" ಎಂದ. ಕೇಳಬಾರದೆಂದು ನಿಯಮ ಬರೆದವರು ನಾವೇ. ಆದರೂ ಕೇಳೋಣವೇ ಎಂದು ಒಂದು ಕ್ಷಣ ನಮ್ಮ ಬಾಯಿಗೆ ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಕೇಳಲಿಲ್ಲ. ಅವನು ಟೋಪಿ ಬಿಚ್ಚಿ ಮರಳಿಗೆ ಎಸೆದು ಹೊರಟುಹೋದ. ರವಿವಾರ ಬೆಳಿಗ್ಗೆ ಧ್ವಜ ಏರಿಸಿ ವಂದಿಸಿದ ಮೇಲೆ ಮತ್ತೆ ಅರ್ಧ ಗಂಟೆ ನಿಂತು ನೋಡಿದೆವು, ಶಿಕ್ಷಕರು ತಲೆಯಾಡಿಸಿದರು. ಏಳು ಮಕ್ಕಳು ಹೊಳೆಯಲ್ಲೇ ಆಡಿ ತೃಪ್ತಿಪಟ್ಟರು. ಸಮುದ್ರದ ತೆರೆಯೇರದೆ ಮುಂಬಯಿಗೆ ಹಿಂತಿರುಗಿದವರಲ್ಲಿ ನಮ್ಮ ಮಗನೂ ಒಬ್ಬ.

ಗಾಡಿಯಲ್ಲಿ ರಾತ್ರಿಯವರೆಗೆ ಅವನು ಮಾತಾಡಲಿಲ್ಲ. ಮಲಗುವ ಮುಂಚೆ ಮೇಲಿನ ಹಲಗೆಯಿಂದ ತಲೆ ಹೊರಗೆ ಹಾಕಿ, "ಮುಂದಿನ ಸಲ ನನ್ನ ಸರದಿ ಮೊದಲು ಇಡಬೇಕು" ಎಂದ. ಪಟ್ಟಿ ಬರೆಯುವವರು ನಾವೇ ಆದ್ದರಿಂದ ಒಪ್ಪಿಕೊಂಡೆವು.

ಸೋಮವಾರ ನಿಲ್ದಾಣಕ್ಕೆ ಎಲ್ಲ ಮನೆಯವರೂ ಬಂದಿದ್ದರು. ಎಷ್ಟು ಸಲ ಬಿದ್ದೆ, ಎಷ್ಟು ತೆರೆ ಏರಿದೆ ಎಂಬ ಪ್ರಶ್ನೆಗಳ ಮಳೆ. ಅಜ್ಜಿ ಮಾತ್ರ ಮೊಮ್ಮಗಳನ್ನು ಬಿಟ್ಟು ನಮ್ಮ ಮಗನ ಹತ್ತಿರ ಬಂದರು. ಅವನು ಇಳಿಯಲಿಲ್ಲವೆಂಬ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಏನೂ ಕೇಳದೆ, ಸೆರಗಿನ ಗಂಟಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದು ಮೊದಲು ಅವನ ಕೈಗೇ ಕೊಟ್ಟರು. ಬೆಲ್ಲ ಹಾಕಿ ಕಲಸಿದ ಅವಲಕ್ಕಿ.

ಪ್ರವಾಸದ ಲೆಕ್ಕಪತ್ರವೂ, ಫಾರಂ ಮತ್ತು ಲಕೋಟೆಯ ನಮೂನೆಯೂ, ಮೂರು ನಿಯಮಗಳ ಪ್ರತಿಯೂ ಶಾಲೆಯ ಕಾರ್ಯಾಲಯದಲ್ಲಿವೆ. ಪುಣೆ, ಮದರಾಸು, ಹೈದರಾಬಾದುಗಳ ನಮ್ಮ ಬಂಧುಗಳು ಮಕ್ಕಳನ್ನು ನೀರಿನ ಕಡೆಗೆ ಕರೆದೊಯ್ಯುವ ವಿಚಾರ ಮಾಡಿದರೆ ಸಂತೋಷದಿಂದ ಕಳಿಸಿಕೊಡುತ್ತೇವೆ. ತೊಂದರೆಯ ಹೊತ್ತಿನಲ್ಲಿ ಕರೆಯಬೇಕಾದ ೧೧೨ ಎಂಬ ಸಂಖ್ಯೆಯನ್ನೂ, ಕರಾವಳಿ ಕಾವಲು ಪಡೆಯ ೧೫೫೪ನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ. ರವಿವಾರದ ಈಜಿನ ವರ್ಗ ಪ್ರವಾಸ ಮುಗಿದ ಮೇಲೂ ನಿಲ್ಲಲಿಲ್ಲ. ನಾವು ಈಗ ಐದು ನಿಮಿಷ ತೇಲುತ್ತೇವೆ. ನಮ್ಮ ಮನೆಯವರು ತಡವಾಗಿ ಸೇರಿ ಏಳು ನಿಮಿಷ ತೇಲುತ್ತಾರೆ.